ಬೆಂಕಿ ಅನಾಹುತದ ಬಳಿಕ ಶಾಲಾ ಮಕ್ಕಳ ಮನಸ್ಸು: ಕೊಪ್ಪಳ ಜಿಲ್ಲೆಯ ಕುಟುಂಬಗಳಿಗೆ ಮಾಹಿತಿ

ಕೊಪ್ಪಳ, ಗಂಗಾವತಿ, ಕುಷ್ಟಗಿ ಹಾಗೂ ಯಲಬುರ್ಗಾ ಭಾಗದಲ್ಲಿ ದಟ್ಟ ಅರಣ್ಯವಿಲ್ಲ. ಆದರೂ ಬೇಸಿಗೆ ಬಂತೆಂದರೆ ಬಣವೆ, ಗುಡಿಸಲು, ಗುಡ್ಡದ ಒಣಹುಲ್ಲಿಗೆ ಬೆಂಕಿಯ ಭೀತಿ ತಪ್ಪಿದ್ದಲ್ಲ. ಅನಾಹುತ ಸಂಭವಿಸಿದಾಗ ಸುಟ್ಟ ಮನೆ, ಅಸುನೀಗಿದ ಜಾನುವಾರು, ನಷ್ಟವಾದ ದವಸಧಾನ್ಯ ಪಂಚನಾಮೆಯಲ್ಲಿ ದಾಖಲಾಗುತ್ತವೆ. ಮಗುವಿನ ಮನಸ್ಸಿನಲ್ಲಿ ಉಳಿದ ಭಯ ಮಾತ್ರ ಎಲ್ಲಿಯೂ ದಾಖಲಾಗುವುದಿಲ್ಲ. ಅದನ್ನು ಗುರುತಿಸಲು ಮನೆಯವರಷ್ಟೇ ಅವಕಾಶವಿರುವುದು ಶಿಕ್ಷಕರಿಗೆ.

ಹಿನ್ನೆಲೆ

1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಅವರಲ್ಲಿ ಅನೇಕರು ಮಕ್ಕಳು. ಮಡಿದವರ ಬಂಧುಗಳ ಶೋಕವನ್ನು ನಿಮ್ಹಾನ್ಸ್ ತಜ್ಞರು ಅಧ್ಯಯನ ಮಾಡಿದರು. ವಿಕೋಪ ಮತ್ತು ಮಾನಸಿಕ ಆರೋಗ್ಯ ಕುರಿತು ದೇಶದಲ್ಲಿ ನಡೆದ ಮೊದಲ ಅಧ್ಯಯನಗಳಲ್ಲಿ ಅದೂ ಒಂದು.

ತುಂಗಭದ್ರೆಯ ಆಚೆಯ ಬಳ್ಳಾರಿ ಜಿಲ್ಲೆಯಲ್ಲಿ 1985ರ ಸುಮಾರಿಗೆ ನಿಮ್ಹಾನ್ಸ್ ಇನ್ನೊಂದು ಪ್ರಯೋಗ ಕೈಗೊಂಡಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು ಹಾಗೂ ಆರೋಗ್ಯ ಕಾರ್ಯಕರ್ತರಿಗೇ ತರಬೇತಿ ನೀಡಿ, ಹಳ್ಳಿಗಳಿಗೆ ಮಾನಸಿಕ ಚಿಕಿತ್ಸೆ ತಲುಪಿಸಬಹುದೆಂದು ಅದು ತೋರಿಸಿತು. 1996ರಲ್ಲಿ ಆರಂಭವಾದ ರಾಷ್ಟ್ರೀಯ ಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ 'ಬಳ್ಳಾರಿ ಮಾದರಿ'ಯೇ ಆಧಾರ.

ಮಕ್ಕಳಲ್ಲಿ ಕಾಣುವ ಲಕ್ಷಣಗಳು

ಬೆಂಕಿಯನ್ನು ಕಣ್ಣಾರೆ ಕಂಡ ಮಗು ನಿದ್ರೆಯಲ್ಲಿ ಬೆಚ್ಚಿ ಬೀಳಬಹುದು. ಒಲೆಯ ಹೊಗೆ ಕಂಡರೂ ಹೆದರಬಹುದು. ಚಿಕ್ಕ ಮಕ್ಕಳು ಹಾಸಿಗೆ ಒದ್ದೆ ಮಾಡುವುದು, ತಾಯಿಯನ್ನು ಬಿಟ್ಟಿರದಿರುವುದು ಉಂಟು. ದೊಡ್ಡವರಲ್ಲಿ ಸಿಟ್ಟು, ಮೌನ, ಪಾಠದಲ್ಲಿ ನಿರಾಸಕ್ತಿ, ಕಾರಣ ತಿಳಿಯದ ತಲೆನೋವು ಅಥವಾ ಹೊಟ್ಟೆನೋವು ಕಾಣಿಸಬಹುದು. 'ನನ್ನಿಂದಲೇ ಹೀಗಾಯಿತು' ಎಂದು ಕೊರಗುವ ಮಕ್ಕಳೂ ಇರುತ್ತಾರೆ.

ಇವು ಹುಚ್ಚಲ್ಲ, ಗಾಳಿ ಸೋಂಕೂ ಅಲ್ಲ. ಆಘಾತಕ್ಕೆ ಮನಸ್ಸು ತೋರುವ ಸಹಜ ಪ್ರತಿಕ್ರಿಯೆ. ಬಹುತೇಕ ಮಕ್ಕಳು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಒಂದು ತಿಂಗಳು ಕಳೆದರೂ ತೊಂದರೆ ತಗ್ಗದಿದ್ದರೆ ವೈದ್ಯರನ್ನು ಕಾಣಬೇಕು. ಸಾಯುವ ಮಾತನಾಡಿದರೆ ಅಥವಾ ಊಟ, ನಿದ್ರೆ ಪೂರ್ತಿ ಬಿಟ್ಟರೆ ಒಂದು ದಿನವೂ ಕಾಯಬಾರದು.

ಶಾಲೆ ಮಾಡಬಹುದಾದದ್ದು

ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಮೂರು ಹೆಜ್ಜೆಗಳನ್ನು ಸೂಚಿಸುತ್ತದೆ: ಪರಿಸ್ಥಿತಿ ಗಮನಿಸುವುದು, ಆಲಿಸುವುದು, ಅಗತ್ಯ ನೆರವಿನೊಡನೆ ಜೋಡಿಸುವುದು. ನಡೆದದ್ದನ್ನು ಹೇಳೆಂದು ಮಗುವನ್ನು ಒತ್ತಾಯಿಸಬಾರದು. ತಾನಾಗಿ ಹೇಳಿದರೆ ಕೇಳಬೇಕು; ಚಿತ್ರ ಬರೆಯಲು, ಆಡಲು ಬಿಡಬೇಕು. ಇಡೀ ತರಗತಿಯ ಎದುರು ಪ್ರಶ್ನಿಸುವುದಾಗಲಿ, ಪರಿಹಾರ ನೀಡುವಾಗ ಛಾಯಾಚಿತ್ರಕ್ಕೆ ನಿಲ್ಲಿಸುವುದಾಗಲಿ ಸಲ್ಲದು.

ದಿನಚರಿ ಮರಳಿ ಬರುವುದೇ ದೊಡ್ಡ ಔಷಧ. ಪ್ರಾರ್ಥನೆ, ಪಾಠ, ಆಟ, ಬಿಸಿಯೂಟ ಎಂದಿನ ಹೊತ್ತಿಗೆ ನಡೆದರೆ ಮಗುವಿಗೆ ಭದ್ರತೆಯ ಭಾವ ಮೂಡುತ್ತದೆ. 2002ರಲ್ಲಿ ಅಕ್ಷರ ದಾಸೋಹ ಮೊದಲು ಆರಂಭವಾದ ಜಿಲ್ಲೆಗಳಲ್ಲಿ ಕೊಪ್ಪಳವೂ ಸೇರಿತ್ತು. ಮನೆಯಲ್ಲಿ ಒಲೆಯೇ ಇಲ್ಲವಾದ ಮಗುವಿಗೆ ಆ ಊಟದ ಬೆಲೆ ಹೇಳತೀರದು. ಸುಟ್ಟುಹೋದ ಪಠ್ಯಪುಸ್ತಕ, ಸಮವಸ್ತ್ರಗಳ ಬಗ್ಗೆ ಮುಖ್ಯೋಪಾಧ್ಯಾಯರು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಕೂಡಲೇ ತಿಳಿಸುವುದು ಒಳಿತು.

ಇನ್ನೊಂದು ಅಪಾಯವಿದೆ. ಮೇವು, ಬೀಜ, ಮನೆ ಕಳೆದುಕೊಂಡ ಒಣಬೇಸಾಯದ ಕುಟುಂಬ ಗುಳೆ ಹೋಗುವ ಸಂಭವ ಹೆಚ್ಚು. ಆಗ ಮಗುವಿನ ಶಾಲೆಯೂ ತಪ್ಪುತ್ತದೆ, ಪರಿಚಿತರ ಆಸರೆಯೂ ತಪ್ಪುತ್ತದೆ. ಪಾಲಕರು ಹೊರಡುವ ಮುನ್ನವೇ ವಿದ್ಯಾರ್ಥಿನಿಲಯ ಅಥವಾ ಬಂಧುಗಳ ಮನೆಯಲ್ಲಿ ಮಗುವನ್ನು ಉಳಿಸುವ ಕುರಿತು ಶಾಲಾಭಿವೃದ್ಧಿ ಸಮಿತಿ ಅವರೊಂದಿಗೆ ಮಾತನಾಡಬೇಕು.

ಪಾಲಕರ ಗಮನಕ್ಕೆ

ಸುಟ್ಟ ಗಾಯದ ಮೇಲೆ ಸುಮಾರು 20 ನಿಮಿಷ ತಣ್ಣೀರು ಹರಿಸಿ ಆಸ್ಪತ್ರೆಗೆ ಒಯ್ಯಬೇಕು. ಶಾಯಿ, ಪೇಸ್ಟ್, ಎಣ್ಣೆ ಸವರಬಾರದು. ರಾಜ್ಯ ವಿಪತ್ತು ಸ್ಪಂದನಾ ನಿಧಿಯಡಿ ಪರಿಗಣಿಸುವ ವಿಕೋಪಗಳ ಪಟ್ಟಿಯಲ್ಲಿ ಬೆಂಕಿಯೂ ಇದೆ. ಆದ್ದರಿಂದ ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ ಪಂಚನಾಮೆ ಮಾಡಿಸಿ, ತಹಶೀಲ್ದಾರರಿಗೆ ಅರ್ಜಿ ಸಲ್ಲಿಸಬೇಕು. ತಂದೆತಾಯಿಯೇ ಕುಗ್ಗಿದ್ದರೆ ಮಗು ಚೇತರಿಸಿಕೊಳ್ಳುವುದು ಕಷ್ಟ. ಹಿರಿಯರೂ ಸಲಹೆ ಪಡೆಯಲು ಸಂಕೋಚಪಡಬೇಕಿಲ್ಲ.

ನೆರವು ಎಲ್ಲಿ?

ಟೆಲಿಮನಸ್ 14416: 2022ರ ಅಕ್ಟೋಬರ್ 10ರಂದು ಆರಂಭವಾದ ಉಚಿತ ಸಹಾಯವಾಣಿ. ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲಿ ಮಾತನಾಡಬಹುದು.
ಮಕ್ಕಳ ಸಹಾಯವಾಣಿ: 1098.
ತುರ್ತು ನೆರವು: 112, ಆಂಬುಲೆನ್ಸ್: 108, ಅಗ್ನಿಶಾಮಕ: 101.
ಆಸ್ಪತ್ರೆ: ಕೊಪ್ಪಳದ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. 2014ರಲ್ಲಿ ಆರಂಭವಾದ ಮನೋಚೈತನ್ಯ ಯೋಜನೆಯಲ್ಲಿ ಮನೋವೈದ್ಯರು ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆ ರೂಪಿಸಲಾಯಿತು. ಹೋಗುವ ಮುನ್ನ ಆಶಾ ಕಾರ್ಯಕರ್ತೆಯ ಮೂಲಕ ದಿನ, ಸಮಯ ಖಚಿತಪಡಿಸಿಕೊಳ್ಳುವುದು ಸೂಕ್ತ.