ಮೇಣದಬತ್ತಿಯಿಂದ ಕ್ಯಾಮೆರಾವರೆಗೆ: ಗರ್ಭಕೋಶದೊಳಗೆ ಇಣುಕಿದ ಕಥೆ

ಐವಿಎಫ್‌ಗೆಂದು ಸಿಟಿ ಆಸ್ಪತ್ರೆಗೆ ಹೋದವರ ಚೀಟಿಯಲ್ಲಿ ಒಂದು ಪದ ಆಗಾಗ ಕಾಣುತ್ತದೆ: ಹಿಸ್ಟರೋಸ್ಕೋಪಿ. ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವ ಮೊದಲು ಒಳಗೆ ಸಣ್ಣ ಕ್ಯಾಮೆರಾ ಹಾಕಿ ನೋಡುವ ಪರೀಕ್ಷೆ ಇದು. ಮೊದಲೇ ಬಳೆ ಅಡವಿಟ್ಟು ಬಂದ ಗಂಡ ಹೆಂಡತಿಗೆ ‘ಇದು ಬೇಕೇ ಬೇಕಾ ಡಾಕ್ಟ್ರೇ?’ ಎಂದು ಕೇಳಲು ಬಾಯಿ ಬರುವುದಿಲ್ಲ. ಆದರೆ ಈ ಪರೀಕ್ಷೆಯ ಇತಿಹಾಸ ಗೊತ್ತಿದ್ದರೆ ಕೇಳಬಹುದು.

1806ರ ಸುಮಾರಿಗೆ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಫಿಲಿಪ್ ಬೊಜ್ಜಿನಿ ಎಂಬ ವೈದ್ಯರು ಮೇಣದಬತ್ತಿ, ಕನ್ನಡಿ, ಕೊಳವೆ ಸೇರಿಸಿ ದೇಹದ ಒಳಗೆ ಬೆಳಕು ಬಿಡುವ ಸಾಧನ ಮಾಡಿದರು. ವಿಯೆನ್ನಾದ ವೈದ್ಯ ಪಂಡಿತರು ಅದನ್ನು ಒಪ್ಪಲಿಲ್ಲ. 1809ರಲ್ಲಿ ಟೈಫಸ್ ಜ್ವರದಿಂದ ಬೊಜ್ಜಿನಿ ತೀರಿಕೊಂಡಾಗ ಅವರಿಗೆ 35 ವರ್ಷ ಅಷ್ಟೇ.

ಗರ್ಭಕೋಶದೊಳಗೆ ಹೀಗೆ ನೋಡಿದ ಮೊದಲ ದಾಖಲೆ 1869ರದ್ದು. ಮುಟ್ಟು ನಿಂತ ಮೇಲೂ ರಕ್ತ ಹೋಗುತ್ತಿದ್ದ 60 ವರ್ಷದ ಮಹಿಳೆಯನ್ನು ಪಂತಾಲಿಯೋನಿ ಎಂಬ ವೈದ್ಯರು ಪರೀಕ್ಷಿಸಿದರು. ಒಳಗೆ ದುರ್ಮಾಂಸ ಕಂಡಿತು. ಸಿಲ್ವರ್ ನೈಟ್ರೇಟ್ ಹಚ್ಚಿ ಸುಟ್ಟರು. ಗಮನಿಸಿ, ಆ ತಾಯಿಗೆ ತೊಂದರೆ ಇತ್ತು, ಅದಕ್ಕೇ ನೋಡಿದರು.

ಆಮೇಲೆ ಕೆಲಸ ಬಹಳ ನಿಧಾನವಾಗಿ ಸಾಗಿತು. ಗರ್ಭಕೋಶ ಖಾಲಿ ಡಬ್ಬಿಯಲ್ಲ. ಅದರ ಗೋಡೆಗಳು ಗಾಳಿ ಇಲ್ಲದ ಬಲೂನಿನಂತೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಮುಟ್ಟಿದರೆ ರಕ್ತ ಬೇರೆ. 1925ರಲ್ಲಿ ಅಮೆರಿಕದ ರುಬಿನ್ ಎಂಬ ವೈದ್ಯರು ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿ ಗೋಡೆಗಳನ್ನು ಬಿಡಿಸಿ ನೋಡಿದರು. ಈಗ ಸಾಮಾನ್ಯವಾಗಿ ಸಲೈನ್ ಬಿಡುತ್ತಾರೆ.

1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಮೊದಲ ಐವಿಎಫ್ ಮಗು ಲೂಯಿಸ್ ಬ್ರೌನ್ ಹುಟ್ಟಿದಳು. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತಾದಲ್ಲಿ ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ಇನ್ನೊಂದು ಮಗು ಹುಟ್ಟಿತು. ನಮ್ಮವರೇ ಅವರನ್ನು ನಂಬಲಿಲ್ಲ. 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಆ ಕಥೆಯನ್ನು ಇನ್ನೊಮ್ಮೆ ಬರೆಯುತ್ತೇನೆ.

ಐವಿಎಫ್ ಹಬ್ಬಿದಂತೆ, ಭ್ರೂಣ ಚೆನ್ನಾಗಿದ್ದರೂ ಗರ್ಭ ನಿಲ್ಲದಿದ್ದಾಗ ಕಣ್ಣು ಗರ್ಭಕೋಶದ ಮೇಲೆ ಬಿತ್ತು. ಹಾಗಾದರೆ ಎಲ್ಲರಿಗೂ ಮೊದಲೇ ಕ್ಯಾಮೆರಾ ಹಾಕಿ ನೋಡಿದರೆ? 2016ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಎರಡು ದೊಡ್ಡ ಅಧ್ಯಯನಗಳು ಬಂದವು. ಒಂದರಲ್ಲಿ ಯುರೋಪಿನ 702 ಮಹಿಳೆಯರಿದ್ದರು. ಎಲ್ಲರಿಗೂ ಎರಡರಿಂದ ನಾಲ್ಕು ಸಲ ಐವಿಎಫ್ ವಿಫಲವಾಗಿತ್ತು, ಆದರೆ ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶ ಸರಿಯಾಗಿಯೇ ಇತ್ತು. ಅರ್ಧ ಜನಕ್ಕೆ ಹಿಸ್ಟರೋಸ್ಕೋಪಿ ಮಾಡಿದರು, ಉಳಿದವರಿಗೆ ಇಲ್ಲ. ಮಗು ಹುಟ್ಟಿದ್ದು ಎರಡೂ ಕಡೆ ಶೇ. 29 ಮಂದಿಗೆ! ಇನ್ನೊಂದು ನೆದರ್‌ಲ್ಯಾಂಡ್ಸ್‌ನದು, ಮೊದಲ ಸಲ ಐವಿಎಫ್‌ಗೆ ಬಂದ 750 ಮಹಿಳೆಯರ ಮೇಲೆ. ಅಲ್ಲಿ ಶೇ. 57 ಮತ್ತು ಶೇ. 54. ಲೆಕ್ಕದ ಪ್ರಕಾರ ಅದು ನಿಜವಾದ ವ್ಯತ್ಯಾಸವಲ್ಲ.

ಹಾಗಂತ ಪರೀಕ್ಷೆಯೇ ಮೋಸ ಎನ್ನಬೇಡಿ. ಸ್ಕ್ಯಾನಿಂಗ್‌ನಲ್ಲಿ ದುರ್ಮಾಂಸ, ಒಳಗೆ ಚಾಚಿದ ಗಡ್ಡೆ, ನಡುವೆ ಅಡ್ಡಗೋಡೆ, ಹಿಂದಿನ ಕ್ಲೀನಿಂಗ್‌ನಿಂದ ಗೋಡೆ ಅಂಟಿಕೊಂಡ ಅನುಮಾನ ಇದ್ದರೆ ಕ್ಯಾಮೆರಾ ಹಾಕಿ ಕಣ್ಣಾರೆ ನೋಡಬಹುದು, ಎಷ್ಟೋ ಸಲ ಆಗಲೇ ತೆಗೆಯಲೂಬಹುದು. 1869ರ ಆ ತಾಯಿಗೆ ಮಾಡಿದ್ದೂ ಇದನ್ನೇ.

ಆದ್ದರಿಂದ ಚೀಟಿಯಲ್ಲಿ ಆ ಪದ ಕಂಡರೆ ಹೆದರದೆ ಕೇಳಿ: ‘ಡಾಕ್ಟ್ರೇ, ಸ್ಕ್ಯಾನಿಂಗ್‌ನಲ್ಲಿ ಏನು ಕಂಡಿದೆ?’ ಹಾಗೇ, ಗಂಡನ ವೀರ್ಯ ಪರೀಕ್ಷೆ ಆಗಿದೆಯಾ ಅಂತಲೂ ಕೇಳಿ.