ಚಂದ್ರಗಿರಿಯ ದಡದ ಸದ್ದಿಲ್ಲದ ಪೇಟೆ

ಕಾಸರಗೋಡಿಗೆ ಬಂದ ಅತಿಥಿಗಳು, "ನಿಮ್ಮ ಊರು ಎಷ್ಟು ಶಾಂತ!" ಎಂದು ಮೆಚ್ಚುವುದುಂಟು. ಆ ಮೆಚ್ಚುಗೆಯನ್ನು ನಾವು ಸಂತೋಷದಿಂದಲೇ ಸ್ವೀಕರಿಸುತ್ತೇವೆ. ಆದರೆ ಈ ಶಾಂತಿಯ ಚರಿತ್ರೆಯನ್ನೂ ಅವರು ಅರಿಯಬೇಕೆಂಬುದು ನಮ್ಮ ಆಸೆ.

ಚಂದ್ರಗಿರಿ ಹೊಳೆಯ ಬಡಗಣ ದಡದಲ್ಲಿ ಈ ಪೇಟೆ. ಹೊಳೆಯಾಚೆ ಕೆಳದಿಯ ಅರಸರು 17ನೆಯ ಶತಮಾನದಲ್ಲಿ ಕಟ್ಟಿಸಿದ ಕೋಟೆ. ಈಚೆ ತಳಂಗರೆಯಲ್ಲಿ ಮಾಲಿಕ್ ದೀನಾರ್ ಮಸೀದಿ, ಪೇಟೆಯೊಳಗೆ ಮಲ್ಲಿಕಾರ್ಜುನ ದೇವಾಲಯ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿದವರು ಅಂಗಡಿಯಲ್ಲಿ ಮಲಯಾಳದಲ್ಲಿ ಚೌಕಾಶಿ ಮಾಡಿ, ಕಾಗದ ಬರೆಯಲು ಕುಳಿತಾಗ ಕನ್ನಡಕ್ಕೆ ಮರಳುವುದು ಇಲ್ಲಿಯ ರೂಢಿ. ಊರು ಚಿಕ್ಕದು, ಇಂದು ಜಗಳವಾಡಿದವರು ನಾಳೆ ಅದೇ ಬೀದಿಯಲ್ಲಿ ಎದುರಾಗಲೇಬೇಕು! ಆದುದರಿಂದ ಜಗಳಗಳೂ ಹ್ರಸ್ವವೇ.

1956ರ ನವೆಂಬರ್ 1ರಂದು, ಅದುವರೆಗೆ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಈ ತಾಲೂಕು ಕೇರಳಕ್ಕೆ ಸಂದಿತು. ಮನೆ ಬದಲಿಸದೆಯೇ ನಮ್ಮವರ ರಾಜ್ಯ ಬದಲಾಯಿತು. ಕಯ್ಯಾರ ಕಿಞ್ಞಣ್ಣ ರೈಗಳಂಥವರು ಹೋರಾಟಕ್ಕಿಳಿದರು. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿಯ ಉತ್ತರದ ಭಾಗವು ಮೈಸೂರಿಗೆ ಸೇರಬೇಕೆಂದು ಶಿಫಾರಸು ಮಾಡಿದುದೂ ಉಂಟು; ಅದು ಕಾಗದದಲ್ಲಿಯೇ ಉಳಿಯಿತು. 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು, ಕಛೇರಿಗಳು ಹೆಚ್ಚಿದವು.

ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದ ಕೊಟ್ಟಿದೆ. ಆದರೂ ಮಲಯಾಳದ ನಮೂನೆಯನ್ನು ಕೈಯಲ್ಲಿ ಹಿಡಿದ ಹಿರಿಯರು, ಮೇಜಿನಾಚೆಯವರನ್ನು ಕೇಳಲು ಸಂಕೋಚಪಟ್ಟು, "ಇದನ್ನಿಷ್ಟು ಓದಿ ಹೇಳಿ" ಎಂದು ಪಕ್ಕದವರನ್ನು ಮೆಲ್ಲನೆ ಬೇಡುವುದನ್ನು ನಾವು ಕಂಡಿದ್ದೇವೆ. ಆ ಮೆಲುದನಿಯನ್ನೂ ಅತಿಥಿಗಳು ಊರಿನ ಶಾಂತಿಯೆಂದೇ ಎಣಿಸಿಯಾರೆಂಬ ಅಂಜಿಕೆ ನಮಗೆ.