ಬಣ್ಣಕ್ಕೊಂದು ವರ್ಷ, ಧೂಳಿಗೊಂದು ಊರು

ಇವತ್ತಿನ ಎಪಿಸೋಡು ರೈಲಿನ ಬಗ್ಗೆ. ಮಾತಾಡ್ತಾ ಇರೋದು ಮಾತ್ರ ಮುನವಳ್ಳಿಯಿಂದ, ಅಂದ್ರೆ ರೈಲೇ ಇಲ್ಲದ ಊರಿಂದ. ನಮ್ಮಲ್ಲಿ ಮಲಪ್ರಭಾ ಹೊಳೆ ಇದೆ, ಕೋಟೆ ಇದೆ, ಪಂಚಲಿಂಗೇಶ್ವರ ಗುಡಿ ಇದೆ, ಹತ್ತಿರದಲ್ಲೇ ನವಿಲುತೀರ್ಥದ ಅಣೆಕಟ್ಟೂ ಇದೆ. ರೈಲು ಹತ್ತಬೇಕು ಅಂದ್ರೆ ಮೊದಲು ಬಸ್ಸು ಹತ್ತಬೇಕು, ಧಾರವಾಡಕ್ಕೆ ಹೋಗಬೇಕು. ಧಾರವಾಡದಿಂದ ಸವದತ್ತಿ, ರಾಮದುರ್ಗದ ಮೇಲೆ ಲೋಕಾಪುರಕ್ಕೆ ಒಂದು ಮಾರ್ಗ ಹಾಕಿ ಅನ್ನೋದು ಈ ಭಾಗದ ಹಳೇ ಬೇಡಿಕೆ. ಅದರ ಕಥೆ ಇನ್ನೊಂದು ಸಲ ಹೇಳ್ತೀನಿ.

ಇವತ್ತಿನ ಕಥೆ ಶುರುವಾಗಿದ್ದು ಒಂದು ಆಟಿಕೆಯಿಂದ. ಆಟಿಕೆ ಅಂದ್ರೆ ನನಗೆ ಸ್ವಲ್ಪ ಸಿಟ್ಟು ಬರುತ್ತೆ, ಆದ್ರೂ ಮನೆಯಲ್ಲಿ ಎಲ್ಲರೂ ಹಂಗೇ ಅಂತಾರೆ. ಪ್ಲಾಸ್ಟಿಕ್ ಶೀಟ್ ಕತ್ತರಿಸಿ, ಅಂಟಿಸಿ, ನಾನೊಂದು ರೈಲು ಬೋಗಿಯ ಮಾದರಿ ಕಟ್ಟಿದ್ದೆ. ಅಳತೆ 1:87. ಅಂದ್ರೆ ನಿಜವಾದ ಬೋಗಿಯ 87 ಮಿಲಿಮೀಟರ್ ನನ್ನ ಮೇಜಿನ ಮೇಲೆ ಒಂದು ಮಿಲಿಮೀಟರ್. ಇಪ್ಪತ್ತೊಂದು ಚಿಲ್ಲರೆ ಮೀಟರ್ ಉದ್ದದ ಬ್ರಾಡ್‌ಗೇಜ್ ಬೋಗಿ ಈ ಅಳತೆಯಲ್ಲಿ ಇಪ್ಪತ್ನಾಲ್ಕೂವರೆ ಸೆಂಟಿಮೀಟರ್ ಆಗುತ್ತೆ, ಒಂದು ಗೇಣಿಗಿಂತ ತುಸು ಜಾಸ್ತಿ. ನಾನು ಕಟ್ಟಿದ್ದು ಮೀಟರ್‌ಗೇಜ್ ಬೋಗಿ, ಅದಕ್ಕಿಂತ ಸಣ್ಣದು. ಅದಕ್ಕೆ ನೀಲಿ ಬಣ್ಣ ಹೊಡೆದು, ಕಿಟಕಿ ಮೇಲೆ ತಿಳಿನೀಲಿ ಪಟ್ಟಿ ಎಳೆದು, ಮೇಲೆ ಫಳಫಳ ಅನ್ನೋ ವಾರ್ನಿಷ್ ಕೊಟ್ಟು, ನಮ್ಮ ದೊಡ್ಡಪ್ಪನ ಮುಂದೆ ಇಟ್ಟೆ.

ದೊಡ್ಡಪ್ಪ ವಯಸ್ಸಿನಲ್ಲಿ ಹತ್ತಿ ವ್ಯಾಪಾರಕ್ಕೆ ಧಾರವಾಡದಲ್ಲಿ ರೈಲು ಹತ್ತಿ ಹುಬ್ಬಳ್ಳಿ, ಗದಗ ತಿರುಗಿದವರು. ಕನ್ನಡಕ ಏರಿಸಿ ನೋಡಿದ್ರು. "ಬಣ್ಣ ಛಲೋ ಹೊಡದಿ ತಮ್ಮಾ. ಆದ್ರ ನಾ ಕುಂತ ಗಾಡಿ ಇದಲ್ಲ. ನಮ್ಮದು ಕೆಂಪ್ ಗಾಡಿ." ಒಳಗಿಂದ ಅವ್ವ ಅಂದ್ಲು: "ಇಲ್ರೀ ಭಾವಾರ, ನೀಲೀನ ಇತ್ತ. ಇವನ್ನ ಎತ್ಕೊಂಡು ನಾನಽ ಹೋಗೀನಲ್ಲ."

ಇಬ್ಬರಲ್ಲಿ ಯಾರು ಸರಿ? ನಾನು ಓದಿದ್ದು ಬಿ.ಕಾಂ. ಎರಡು ಲೆಕ್ಕ ತಾಳೆ ಆಗದಿದ್ರೆ ಮೊದಲು ತಾರೀಖು ನೋಡು ಅಂತ ನಮಗೆ ಕಲಿಸಿದ್ದಾರೆ. ಹಂಗಾಗಿ ತಾರೀಖು ಹುಡುಕೋಕೆ ಹೊರಟೆ.

ನಮ್ಮ ಭಾಗಕ್ಕೆ ರೈಲು ತಂದದ್ದು ಸದರ್ನ್ ಮರಾಠಾ ರೈಲ್ವೆ ಅನ್ನೋ ಕಂಪನಿ. ಹುಟ್ಟಿದ್ದು 1882ರಲ್ಲಿ. ಅದಕ್ಕೆ ಮುಂಚೆ, 1876ರಿಂದ 78ರವರೆಗೆ, ಭೀಕರ ಬರ ಬಿದ್ದಿತ್ತು. ಕಾಳು ಇದ್ದ ಕಡೆಯಿಂದ ಇಲ್ಲದ ಕಡೆಗೆ ಸಾಗಿಸೋ ದಾರಿ ಬೇಕು ಅನ್ನೋದು ಈ ಮಾರ್ಗಗಳನ್ನು ಹಾಕಿದ ಕಾರಣಗಳಲ್ಲಿ ಒಂದು. ಖರ್ಚು ಕಡಿಮೆ ಅಂತ ಮೀಟರ್‌ಗೇಜ್ ಹಾಕಿದ್ರು. ಕಂಪನಿಯ ಮುಖ್ಯ ಕಚೇರಿ ಇದ್ದದ್ದು ಧಾರವಾಡದಲ್ಲಿ. ಕರ್ನಾಟಕ ಕಾಲೇಜಿನ ಆ ದೊಡ್ಡ ಕಟ್ಟಡ ನೋಡಿದ್ದೀರಲ್ಲ, ಅದೇ. ನಮ್ಮಲ್ಲಿ ಎಷ್ಟು ಜನ ಅಲ್ಲಿ ಡಿಗ್ರಿ ಮುಗಿಸಿದ್ದಾರೆ, ಆದ್ರೆ ಅದು ಒಂದು ಕಾಲಕ್ಕೆ ರೈಲ್ವೆ ಆಫೀಸು ಅಂತ ಗೊತ್ತಿರೋರು ಕಡಿಮೆ. ರಿಪೇರಿ, ಬಣ್ಣದ ಕೆಲಸಕ್ಕೆಲ್ಲ ಹುಬ್ಬಳ್ಳಿಯ ವರ್ಕ್‌ಶಾಪು. 1908ರಲ್ಲಿ ಈ ಕಂಪನಿ ಮದ್ರಾಸ್ ರೈಲ್ವೆ ಜೊತೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ಆಯ್ತು, 1951ರಲ್ಲಿ ದಕ್ಷಿಣ ರೈಲ್ವೆ ಒಳಗೆ ಸೇರಿತು. 2003ರಲ್ಲಿ ಹುಬ್ಬಳ್ಳಿಯೇ ನೈಋತ್ಯ ರೈಲ್ವೆಯ ಕೇಂದ್ರ ಆಯ್ತು.

ಸ್ವಾತಂತ್ರ್ಯ ಬಂದ ಮೇಲೆ ಬಹಳ ವರ್ಷ ನಮ್ಮ ಸಾಮಾನ್ಯ ರೈಲು ಬೋಗಿ ಅಂದ್ರೆ ಇಟ್ಟಂಗಿ ಕೆಂಪು. ರೆಡ್ ಆಕ್ಸೈಡ್ ಅಂತಾರಲ್ಲ, ಆ ಜಾತಿಯ ಬಣ್ಣ. ಅದರ ಮೂಲ ಕಬ್ಬಿಣದ ಆಕ್ಸೈಡು. ನಮ್ಮ ಹಳೇ ಮನೆಗಳಲ್ಲಿ ಹಬ್ಬಕ್ಕೆ ಗೋಡೆಗೆ ಬಳಿಯೋ ಕೆಮ್ಮಣ್ಣು ಇದೆಯಲ್ಲ, ಅದಕ್ಕೆ ಕೆಂಪು ಕೊಡೋದೂ ಅದೇ. ಸಂಡೂರಿನ ಅದಿರಿಗೆ ಕೆಂಪು ಕೊಡೋದೂ ಅದೇ. ಅಗ್ಗದ ಬಣ್ಣ, ಬಿಸಿಲಿಗೆ ಬೇಗ ಮಾಸೋದಿಲ್ಲ, ಧೂಳು, ತುಕ್ಕು ಎದ್ದು ಕಾಣೋದಿಲ್ಲ. ದೊಡ್ಡಪ್ಪ ಹೇಳಿದ ಕೆಂಪು ಗಾಡಿ ಇದೇ.

ಹಂಗಾದ್ರೆ ಅವ್ವನ ನೀಲಿ ಎಲ್ಲಿಂದ ಬಂತು? ಅದರ ಹಿಂದೆ ಒಂದು ಬ್ರೇಕಿನ ಕಥೆ ಇದೆ. ಹಳೇ ಬೋಗಿಗಳಲ್ಲಿ ಇದ್ದದ್ದು ವ್ಯಾಕ್ಯೂಮ್ ಬ್ರೇಕು. ಪೈಪಿನಿಂದ ಗಾಳಿ ಹೀರಿ ತೆಗೆದಾಗ ಬ್ರೇಕ್ ಸಡಿಲ ಆಗುತ್ತೆ, ಗಾಳಿ ಒಳಗೆ ನುಗ್ಗಿದಾಗ ಹಿಡಿಯುತ್ತೆ. ಏರ್ ಬ್ರೇಕಿನಲ್ಲಿ ಇದು ಉಲ್ಟಾ. ಪೈಪಿನಲ್ಲಿ ಒತ್ತಡದ ಗಾಳಿ ತುಂಬಿರುತ್ತೆ, ಒತ್ತಡ ಇಳಿದ್ರೆ ಬ್ರೇಕ್ ಬೀಳುತ್ತೆ. ಎರಡು ಜಾತಿಯ ಬೋಗಿಗಳನ್ನು ಬೆರೆಸಿ ಒಂದು ಗಾಡಿ ಓಡಿಸೋಕೆ ಆಗಲ್ಲ. 1990ರ ದಶಕದಲ್ಲಿ ಏರ್ ಬ್ರೇಕಿನ ಬೋಗಿಗಳು ಹೆಚ್ಚಾದಾಗ ಅವಕ್ಕೆ ನೀಲಿ ಬಣ್ಣ ಬಂತು. ಯಾರ್ಡಿನಲ್ಲಿ ದೂರದಿಂದ ನೋಡಿದ್ರೂ ಕೆಂಪು ಅಂದ್ರೆ ವ್ಯಾಕ್ಯೂಮ್, ನೀಲಿ ಅಂದ್ರೆ ಏರ್ ಅಂತ ಗೊತ್ತಾಗ್ತಿತ್ತು. ನಮಗೆ ಅಲಂಕಾರ ಅಂತ ಕಂಡದ್ದು ಕೆಲಸಗಾರರಿಗೆ ಸೂಚನೆ.

ಅದೇ ದಶಕದಲ್ಲಿ ನಮ್ಮ ಕಡೆ ಇನ್ನೊಂದು ದೊಡ್ಡ ಬದಲಾವಣೆ ಆಯ್ತು. 1992ರಲ್ಲಿ ಶುರುವಾದ ಯೂನಿಗೇಜ್ ಯೋಜನೆಯಲ್ಲಿ ಮೀಟರ್‌ಗೇಜ್ ಹಳಿಗಳನ್ನು ಕಿತ್ತು ಬ್ರಾಡ್‌ಗೇಜ್ ಹಾಕೋ ಕೆಲಸ ವೇಗ ಹಿಡೀತು. ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಎಲ್ಲಾ ಬ್ರಾಡ್‌ಗೇಜ್ ಆದ್ವು. ದೊಡ್ಡಪ್ಪ ವ್ಯಾಪಾರ ಬಿಟ್ಟಿದ್ದು ಅದಕ್ಕೆ ಮುಂಚೆ. ಅವ್ವ ನನ್ನನ್ನು ಎತ್ಕೊಂಡು ರೈಲು ಹತ್ತಿದ್ದು ಅದಾದ ಮೇಲೆ. ಇಬ್ಬರೂ ಸರಿ. ತಪ್ಪಿದ್ದು ನಾನು. ಅವ್ವನ ಕಾಲದ ಬಣ್ಣವನ್ನು ದೊಡ್ಡಪ್ಪನ ಕಾಲದ ಬೋಗಿಗೆ ಹೊಡೆದಿದ್ದೆ.

ಮಾದರಿ ಮಾಡೋರು ಮೊದಲು ಕೇಳ್ಕೋಬೇಕಾದ ಪ್ರಶ್ನೆ ಇದೇ: ಯಾವ ವರ್ಷ? ಬಾಗಿಲ ಪಕ್ಕ ಮೂರನೇ ದರ್ಜೆ ಅಂತ ಬರೆದ್ರೆ ನಿಮ್ಮ ಬೋಗಿ 1974ಕ್ಕಿಂತ ಹಿಂದಿನದು, ಯಾಕಂದ್ರೆ ಆ ವರ್ಷ ಮೂರನೇ ದರ್ಜೆಯನ್ನೇ ತೆಗೆದು ಹಾಕಿದ್ರು. ಕಂದು ಮತ್ತು ಕೆನೆಬಣ್ಣ ಹೊಡೆದ್ರೆ 2018ರ ಈಚೆಗೆ. ಅದೇ 2018ರ ಜನವರಿಯಲ್ಲಿ ಚೆನ್ನೈ ಪೆರಂಬೂರಿನ ಕಾರ್ಖಾನೆ ಹಳೇ ಮಾದರಿಯ ಬೋಗಿ ಕಟ್ಟೋದನ್ನೇ ನಿಲ್ಲಿಸಿತು. ಈಗ ಹೆಚ್ಚಾಗಿ ಕಾಣೋದು ಕೆಂಪು-ಬೂದು ಬಣ್ಣದ ಎಲ್‌ಎಚ್‌ಬಿ ಬೋಗಿಗಳು. 2008ರಲ್ಲಿ ಶುರುವಾದ ನಮ್ಮ ಗೋಲ್ಡನ್ ಚಾರಿಯಟ್ ಗಾಡಿಗೆ ನೇರಳೆ ಮತ್ತು ಚಿನ್ನದ ಬಣ್ಣ, ಬೋಗಿಗಳಿಗೆ ಕದಂಬ, ಹೊಯ್ಸಳ, ರಾಷ್ಟ್ರಕೂಟ ಅಂತ ರಾಜವಂಶಗಳ ಹೆಸರು. ಬಣ್ಣ ನೋಡಿದ್ರೆ ವರ್ಷ ಅಂದಾಜು ಸಿಗುತ್ತೆ.

ಸರಿ, ಕೆಂಪು ಅಂತ ಗೊತ್ತಾಯ್ತು. ಎಂಥಾ ಕೆಂಪು? ಇಲ್ಲಿಂದ ಮುಂದೆ ಕಷ್ಟ. ಹಳೇ ಫೋಟೋ ಹೆಚ್ಚಿನವು ಕಪ್ಪು-ಬಿಳುಪು. ಕಲರ್ ಫೋಟೋ ಸಿಕ್ಕರೂ ನಂಬೋ ಹಂಗಿಲ್ಲ. ಆ ಕಾಲದ ಕಲರ್ ಪ್ರಿಂಟುಗಳು ಹಳೇದಾಗ್ತಾ ನೀಲಿ-ಹಸಿರು ಅಂಶ ಕಳ್ಕೊಂಡು ಎಲ್ಲಾ ಕೆಂಪಗೆ ತಿರುಗ್ತವೆ. ನಿಮ್ಮ ಮನೆ ಮದುವೆ ಆಲ್ಬಮ್ ತೆಗೆದು ನೋಡಿ, ಬಿಳೀ ಪಂಚೆಯೂ ಗುಲಾಬಿ ಆಗಿರುತ್ತೆ.

ಮ್ಯೂಸಿಯಮ್ಮಿಗೆ ಹೋಗಿ ನೋಡಬಹುದಲ್ಲ ಅಂತೀರಿ. ಹೋದೆ. ಮೈಸೂರಿನಲ್ಲಿ 1979ರಿಂದ ರೈಲ್ವೆ ಮ್ಯೂಸಿಯಂ ಇದೆ. ಹುಬ್ಬಳ್ಳಿಯಲ್ಲಿ 2020ರಲ್ಲಿ ಒಂದು ಶುರುವಾಯ್ತು. ಅಲ್ಲಿನ ಎರಡು ಹಳೇ ಕಾಟೇಜುಗಳಿಗೆ ಮಲಪ್ರಭಾ, ಘಟಪ್ರಭಾ ಅಂತ ಹೆಸರು, ನಮ್ಮ ಹೊಳೆ ಹೆಸರು ನೋಡಿ ಖುಷಿ ಆಯ್ತು. ಎರಡೂ ಕಡೆ ಗಾಡಿಗಳನ್ನು ಚೆನ್ನಾಗಿ ಇಟ್ಟಿದ್ದಾರೆ. ಆದ್ರೆ ಬಯಲಲ್ಲಿ ನಿಂತ ಕಬ್ಬಿಣಕ್ಕೆ ಮತ್ತೆ ಮತ್ತೆ ಬಣ್ಣ ಹೊಡೀಲೇಬೇಕು, ಇಲ್ಲಾಂದ್ರೆ ತುಕ್ಕು ತಿನ್ನುತ್ತೆ. ಹಂಗಾಗಿ ನಾವು ನೋಡೋದು ಈಚೆಗೆ ಹೊಡೆದ ಬಣ್ಣ. ಹಳೇ ಬಣ್ಣದ ಸಾಕ್ಷಿ ಬೇಕಂದ್ರೆ ಎಲ್ಲಾದ್ರೂ ಚಕ್ಕೆ ಎದ್ದ ಜಾಗದಲ್ಲಿ ಒಳಗಿನ ಪದರ ನೋಡಬೇಕು.

ಇನ್ನೊಂದು ಸಂಗತಿ. ನಿಜವಾದ ಬೋಗಿಯ ಬಣ್ಣವನ್ನೇ ಡಬ್ಬಿಯಿಂದ ತೆಗೆದು ಮಾದರಿಗೆ ಹೊಡೆದ್ರೂ ಅದು ಸರಿ ಕಾಣೋದಿಲ್ಲ. ಗೇಣುದ್ದದ ವಸ್ತುವಿನ ಮೇಲೆ ಗಾಢ ಬಣ್ಣ ಇನ್ನೂ ಗಾಢವಾಗಿ, ಕಪ್ಪಾಗಿ ಕಾಣುತ್ತೆ. ದೊಡ್ಡ ಬೋಗಿಯನ್ನು ನಾವು ದೂರದಿಂದ, ಬಿಸಿಲಿನಲ್ಲಿ, ನಡುವಿನ ಧೂಳಿನ ಮೂಲಕ ನೋಡಿರ್ತೀವಿ. ಅದಕ್ಕೇ ಅನುಭವಸ್ಥರು ಮೂಲ ಬಣ್ಣಕ್ಕೆ ಒಂದಿಷ್ಟು ಬಿಳಿ ಅಥವಾ ಬೂದು ಬೆರೆಸಿ ತಿಳಿ ಮಾಡ್ತಾರೆ.

ನೀಲಿ ಬಣ್ಣ ಉಜ್ಜಿ ತೆಗೆದು, ಪ್ರೈಮರ್ ಹೊಡೆದು, ತಿಳಿ ಮಾಡಿದ ಕೆಂಪು ಕೊಟ್ಟೆ. ಅಕ್ಷರ ಬರೆದೆ. ಈ ಸಲ ಹೊಳೆಯೋ ವಾರ್ನಿಷ್ ಬೇಡ ಅಂತ ಮ್ಯಾಟ್ ಹಾಕಿದೆ. ದೊಡ್ಡಪ್ಪನಿಗೆ ತೋರಿಸಿದೆ. "ಈಗ ಹಾದಿಗೆ ಬಂದಿ. ಆದ್ರ ಇಷ್ಟ ಸ್ವಚ್ಛ ಗಾಡಿ ನಾ ಎಂದೂ ನೋಡಿಲ್ಲಪಾ."

ಇಲ್ಲಿ ನನ್ನ ಬಿ.ಕಾಂ. ಮತ್ತೆ ಕೆಲಸಕ್ಕೆ ಬಂತು. ಅಕೌಂಟೆನ್ಸಿಯಲ್ಲಿ ಸವಕಳಿ ಅಂತ ಓದಿದ್ವಿ, ಡಿಪ್ರಿಸಿಯೇಷನ್. ಪುಸ್ತಕದಲ್ಲಿ ಅದು ವರ್ಷಕ್ಕೆ ಇಷ್ಟು ಪರ್ಸೆಂಟು ಅಂತ ಒಂದು ಅಂಕಿ. ಬೋಗಿಯ ಮೇಲೆ ಅದು ಕಣ್ಣಿಗೆ ಕಾಣುತ್ತೆ, ಎಲ್ಲಾ ಕಡೆ ಒಂದೇ ರೀತಿ ಇರೋದೂ ಇಲ್ಲ. ವೆದರಿಂಗ್ ಅಂತ ಮಾದರಿಯವರು ಕರೆಯೋದು ಇದನ್ನೇ. ಸುಮ್ಮನೆ ಕೊಳೆ ಬಳಿದ್ರೆ ಆಗಲ್ಲ, ಪ್ರತಿ ಕಲೆಗೂ ಒಂದು ಕಾರಣ ಇರಬೇಕು. ಬೀಡು ಕಬ್ಬಿಣದ ಬ್ರೇಕ್ ಕಟ್ಟೆ ಚಕ್ರಕ್ಕೆ ಉಜ್ಜಿ ಉಜ್ಜಿ ಕಬ್ಬಿಣದ ಪುಡಿ ಹಾರುತ್ತೆ, ಅದಕ್ಕೆ ತುಕ್ಕು ಹಿಡಿಯುತ್ತೆ. ಹಂಗಾಗಿ ಚಕ್ರದ ಸುತ್ತ, ಬೋಗಿಯ ಕೆಳಭಾಗದಲ್ಲಿ ತುಕ್ಕುಗಂದು. ಉಗಿ ಎಂಜಿನ್ನಿನ ಕಾಲ ಅಂದ್ರೆ ಛಾವಣಿ ಮೇಲೆ ಮಸಿ, ಎಂಜಿನ್ನಿಗೆ ಹತ್ತಿರದ ಬೋಗಿಗೆ ಜಾಸ್ತಿ. ನೀರು ತುಂಬುವಾಗ ಚೆಲ್ಲಿದಲ್ಲಿ ಸವಳು ನೀರಿನ ಬಿಳೀ ಗೆರೆ. ಕಿಟಕಿ ಕೆಳಗೆ ಎಲಿ-ಅಡಿಕಿ ಉಗುಳಿದ ಕಲೆ, ಅದು ನೇರ ಕೆಳಗೆ ಇಳಿಯೋದಿಲ್ಲ, ಗಾಡಿ ಓಡೋ ಗಾಳಿಗೆ ಹಿಂದಕ್ಕೆ ಓರೆಯಾಗಿ ಎಳೆದಿರುತ್ತೆ. ಬಾಗಿಲ ಹಿಡಿಕೆ ಮಾತ್ರ ಕೊಳೆ ಆಗಲ್ಲ, ಸಾವಿರಾರು ಕೈ ಮುಟ್ಟಿ ಬಣ್ಣ ಹೋಗಿ ಹೊಳೀತಿರುತ್ತೆ.

ಮಾಡೋ ಕ್ರಮ ಹೇಳ್ತೀನಿ. ನೀರಿನಷ್ಟು ತೆಳು ಮಾಡಿದ ಕಂದು-ಕಪ್ಪು ಬಣ್ಣವನ್ನು ಮೊದಲು ಎಲ್ಲಾ ಕಡೆ ಹಚ್ಚಿ, ತಕ್ಷಣ ಮೇಲಿಂದ ಕೆಳಗೆ ಒರೆಸಬೇಕು. ಸಂದುಗಳಲ್ಲಿ ಮಾತ್ರ ಉಳಿಯುತ್ತೆ. ಆಮೇಲೆ ಬ್ರಷ್ಷಿನ ಬಣ್ಣವನ್ನು ಬಟ್ಟೆಗೆ ಒರೆಸಿ, ಹೆಚ್ಚೂಕಡಿಮೆ ಒಣ ಬ್ರಷ್ಷಿನಿಂದ ಅಂಚುಗಳನ್ನು ಸವರಬೇಕು. ಕೊನೆಗೆ ಧೂಳಿನ ಪುಡಿ ಉದುರಿಸಿ, ಮ್ಯಾಟ್ ವಾರ್ನಿಷ್ ಕೊಟ್ಟು ಕೂರಿಸಬೇಕು.

ಧೂಳಿಗೆ ನಾನು ಕೆಂಪು ಮಣ್ಣು ಹಚ್ಚಿದ್ದೆ. ದೊಡ್ಡಪ್ಪ ನಕ್ಕರು. "ಅಣ್ಣಿಗೇರಿ ಕಡೆ ಕೆಂಪ್ ಧೂಳಿ ಎಲ್ಲಿಂದ ಬಂತೋ? ನೀ ಲೋಂಡಾಕ್ಕ ಹೋದಿ, ನಾ ಗದಗಿಗೆ ಹೋಗಿದ್ದೆ." ಮಾತು ಖರೇ. ಧಾರವಾಡದಿಂದ ಪಶ್ಚಿಮಕ್ಕೆ ಅಳ್ನಾವರ, ಲೋಂಡಾ, ಕ್ಯಾಸಲ್‌ರಾಕ್ ಅಂತ ಹೋದ್ರೆ ಕೆಂಪು ಮಣ್ಣು. ಪೂರ್ವಕ್ಕೆ ಹುಬ್ಬಳ್ಳಿ, ಅಣ್ಣಿಗೇರಿ, ಗದಗ ಅಂತ ಹೋದ್ರೆ ಎರಿ ಮಣ್ಣು. ಹೊಸಪೇಟೆ ಕಡೆಯಿಂದ ಅದಿರು ಹೊತ್ತ ಗಾಡಿಗಳ ಜಾಡಿನಲ್ಲಿ ಮತ್ತೊಂದು ಬಗೆಯ ಕೆಂಪು. ಒಂದೇ ವರ್ಷದ, ಒಂದೇ ಬಣ್ಣದ ಎರಡು ಬೋಗಿಗಳನ್ನು ಧೂಳು ನೋಡಿ ಯಾವ ಕಡೆ ಓಡಿದ್ದು ಅಂತ ಹೇಳಬಹುದು.

ಎರಿ ಮಣ್ಣು ನಮ್ಮ ಹೊಲದಲ್ಲೇ ಇದೆ. ಹಸಿಯಿದ್ದಾಗ ಕಪ್ಪು, ಒಣಗಿ ಧೂಳಾದ್ರೆ ಬೂದಿಗೆ ಹತ್ತಿರ. ಕುಟ್ಟಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದೆ. ಒಂದೇ ಸಲ ಸಾಲಲ್ಲ. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಕಣ ಈ ಅಳತೆಯಲ್ಲಿ ಒಂಬತ್ತು ಮಿಲಿಮೀಟರಿಗೆ ಹತ್ತಿರ, ಅಂದ್ರೆ ಕಡಲಿ ಕಾಳಿನಷ್ಟು ಹರಳು ಗೋಡೆಗೆ ಅಂಟಿದ ಹಂಗೆ. ನಾಲ್ಕು ಸಲ ಜರಡಿ ಹಿಡಿದ ಮೇಲೆ ಧೂಳು ಧೂಳಾಯ್ತು.

ಅವ್ವನಿಗೂ ಒಂದು ಬೋಗಿ ಬೇಕಿತ್ತು. ನೀಲಿದು ಮತ್ತೆ ಕಟ್ಟಿದೆ, ಬ್ರಾಡ್‌ಗೇಜಿಂದು. ಅದರ ಬಾಗಿಲ ಮೇಲೆ ಹಳದಿ ಹಚ್ಚು ಅಂದ್ಲು. ಅವಳು ಹೋಗಿದ್ದು ಹುಣ್ಣಿವಿ ಮಾರನೇ ದಿನ, ಸವದತ್ತಿ ಎಲ್ಲಮ್ಮನ ಗುಡ್ಡದಿಂದ ವಾಪಸ್ ಹೊರಟ ಜನರ ಜೊತೆ. ಬಾಗಿಲ ತುಂಬಾ ಭಂಡಾರದ ಕೈ. ಯಾವ ಪುಸ್ತಕದಲ್ಲೂ ಈ ಬಣ್ಣ ನನಗೆ ಸಿಗ್ತಿರಲಿಲ್ಲ. ಭಂಡಾರವನ್ನೇ ಹಚ್ಚೋಣ ಅಂದ್ಕೊಂಡೆ, ಆದ್ರೆ ಅರಿಶಿನ ಬಿಸಿಲಿಗೆ ಬಣ್ಣ ಬಿಡುತ್ತೆ. ಹಳದಿ ಅಕ್ರಿಲಿಕ್ಕನ್ನೇ ತೆಳುವಾಗಿ ಒತ್ತಿದೆ.

ಈಗ ಎರಡೂ ಬೋಗಿ ನನ್ನ ಮೈಕಿನ ಪಕ್ಕ ಇವೆ. ಕೆಂಪು ಬೋಗಿ ನೋಡಿ ದೊಡ್ಡಪ್ಪ ಛಲೋ ಐತಿ ಅಂತೇನೂ ಅನ್ನಲಿಲ್ಲ. ಬಾಗಿಲ ಮೇಲೆ ಬೆರಳಿಟ್ಟು, "ಇಲ್ಲಿ ಜಾಗಾ ಇರತಿರಲಿಲ್ಲ, ಗಂಟ ಇಟಗೊಂಡ ನಿಂತಿರತಿದ್ದೆ" ಅಂತ ಶುರು ಮಾಡಿ, ಆ ವರ್ಷದ ಹತ್ತಿ ರೇಟಿನ ತನಕ ಹೇಳಿದ್ರು. ಅದನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿ ಇಟ್ಕೊಂಡಿದ್ದೀನಿ.

ನಿಮ್ಮಲ್ಲಿ ಒಂದು ವಿನಂತಿ. ಮನೆಯ ಹಳೇ ಆಲ್ಬಮ್ಮಿನಲ್ಲಿ ಯಾರದಾದ್ರೂ ಹಿಂದೆ ರೈಲು ಕಂಡ್ರೆ, ಆ ಫೋಟೋದ ಬೆನ್ನಿಗೆ ವರ್ಷ, ಸ್ಟೇಷನ್ನು, ಎಲ್ಲಿಗೆ ಹೊರಟಿದ್ದು ಅಂತ ಪೆನ್ಸಿಲ್ಲಿನಲ್ಲಿ ಬರೆದಿಡಿ. ಬಣ್ಣ ಯಾವುದಿತ್ತು ಅಂತ ಆಗ ಹತ್ತಿದವರನ್ನೇ ಕೇಳಿ ಬರೀರಿ. ಪ್ರಿಂಟು ಮಾಸ್ತಾ ಇದೆ, ಕೇಳೋಕೆ ಹಿರಿಯರೂ ಬಹಳ ದಿನ ಇರಲ್ಲ.

ಮುಂದಿನ ಎಪಿಸೋಡಿನಲ್ಲಿ ಸಿಗೋಣ. ಬರ್ತೀನ್ರೀ, ನಮಸ್ಕಾರ.